ಅಕ್ಕನ ಮಿಸ್ಡ್ ಕಾಲು

ನನ್ನ ಬೆರಳು ಮನುಷ್ಯನ ಬೆರಳಲ್ಲ ಎನ್ನುವುದು ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಫೋನಿನಿಂದ ನನಗೆ ತಿಳಿಯಿತು. ತಾಳವಾಡಿಯ ಪೇಟೆಬೀದಿಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿರುವವನು ನಾನು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಚಪ್ಪಲಿಯ ಅಟ್ಟೆಯಂತಾಗಿದೆ. ಹೊಸ ಫೋನು ಬೆರಳಚ್ಚು ಕೊಡಿ ಎನ್ನುತ್ತದೆ, ಕೊಟ್ಟರೆ ಇನ್ನೊಮ್ಮೆ ಎನ್ನುತ್ತದೆ, ಕೊನೆಗೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಕಚೇರಿಯ ಗುಮಾಸ್ತನ ಹಾಗೆ ಕಳಿಸಿಬಿಡುತ್ತದೆ. ಸಿಟ್ಟಿನಲ್ಲಿ ಒಮ್ಮೆ ಮೂಗಿನ ತುದಿಯಿಂದ ಒತ್ತಿದೆ. ಮೂಗನ್ನು ಅದು ಮರುಮಾತಿಲ್ಲದೆ ಒಪ್ಪಿಕೊಂಡಿತು. ಅಂದಿನಿಂದ ರವಿಕೆ ಅಳತೆ ಕೊಡಲು ಬಂದವರ ಎದುರಿಗೆ ನಾನು ಫೋನಿಗೆ ಮೂಗು ಉಜ್ಜುತ್ತ ಕೂರುತ್ತೇನೆ. ಅವರು ನಗುವುದಿಲ್ಲ, ಅಯ್ಯೋ ಪಾಪ ಅನ್ನುವಂತೆ ನೋಡುತ್ತಾರೆ. ಅದೇ ಹೆಚ್ಚು ಉರಿಯುತ್ತದೆ.

ಹಳೆಯದು ಬಟನ್ ಫೋನು. ಐದರ ಗುಂಡಿ ಸವೆದು ಬೋಳಾಗಿತ್ತು, ಹಿಂಬದಿಯ ಮುಚ್ಚಳ ಎಂದೋ ಕಳೆದಿತ್ತು. ಬ್ಯಾಟರಿ ಬೀಳದ ಹಾಗೆ ರವಿಕೆ ತುಂಡಿನಲ್ಲಿ ನಾನೇ ಚೀಲ ಹೊಲಿದಿದ್ದೆ. ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಕೊನೆಯ ಎರಡು ಅಂಕೆ ನೋಡಿದರೆ ಯಾರೆಂದು ನನಗೆ ಗೊತ್ತಾಗುತ್ತಿತ್ತು, ಅದಕ್ಕೆ ಗೊತ್ತಾಗಬೇಕಾದ ಅಗತ್ಯ ಏನಿತ್ತು? ಆದರೆ ಈಗಿನ ಹೆಂಗಸರು ಕತ್ತಿನ ವಿನ್ಯಾಸವನ್ನು ಬಾಯಲ್ಲಿ ಹೇಳುವುದಿಲ್ಲ. ಫೋಟೋ ಕಳಿಸುತ್ತೇನೆ ಎನ್ನುತ್ತಾರೆ. ಕಳಿಸಲು ಜಾಗವಿಲ್ಲ ಎಂದರೆ ಬಸ್ ನಿಲ್ದಾಣದ ಪಕ್ಕದ ಇನ್ನೊಬ್ಬ ಟೈಲರನ ಬಳಿ ಹೋಗುತ್ತಾರೆ. ಹಾಗಾಗಿ ದಿಂಬಂ ಘಾಟಿಯ ತಿರುವುಗಳನ್ನು ಸುತ್ತಿ ಸತ್ಯಮಂಗಲಕ್ಕೆ ಇಳಿದೆ. ಅಂಗಡಿಯವನು ಸಿಮ್ಮು ಹಾಕಿ, ಗಾಜಿನ ಮೇಲೆ ಏನೇನೋ ತಟ್ಟಿ, ತನ್ನ ಅಂಗಡಿಯ ನಂಬರನ್ನು ಹೆಸರು ಸಮೇತ ಬರೆದುಕೊಟ್ಟ. "ಅಣ್ಣಾ, ಇನಿಮೇ ತೆರಿಯಾದ ನಂಬರ್ ತೊಲ್ಲೈಯೇ ಇರುಕ್ಕಾದು" ಎಂದ. ಗೊತ್ತಿಲ್ಲದ ನಂಬರುಗಳ ಕಾಟವೇ ಇನ್ನಿಲ್ಲವಂತೆ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಬಂದೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಮಾದೇವಮ್ಮ ಇರುವುದು ಪಣಕಹಳ್ಳಿಯಲ್ಲಿ, ಬಸ್ಸು ಹತ್ತಿದರೆ ಸಿಗುವಷ್ಟು ದೂರ. ನಾವು ಮಾತು ಬಿಟ್ಟು ಆರು ವರ್ಷವಾಗಿತ್ತು. ಅವಳ ಮಗಳ ಮದುವೆಗೆ ಸೋದರಮಾವನಾದ ನನ್ನನ್ನು, ಬಾಗಿಲಿಗೆ ಬಂದು ಕುಂಕುಮವಿಟ್ಟು ಕರೆಯುವುದು ಬಿಟ್ಟು, ಫೋನಿನಲ್ಲಿ ಕರೆದಳು. ಮದುವೆಗೆ ಹೋದೆ, ಸೋದರಮಾವನ ಸೀರೆ ಕೊಟ್ಟೆ, ಉಂಡೆ, ಮಾತಾಡದೆ ಎದ್ದುಬಂದೆ. ಮಾರನೆಯ ವರ್ಷ ಅವಳಿಗೆ ಜ್ವರ ಬಂದಿದೆಯೆಂದು ಯಾರೋ ಹೇಳಿದಾಗ ತಡೆಯಲಾರದೆ ಫೋನು ಮಾಡಿದೆ. ಅವಳು ಎತ್ತಲಿಲ್ಲ, ಕಟ್ ಮಾಡಿದಳು. ಕಟ್ ಮಾಡಲು ಕೈ ಇದೆಯಲ್ಲ, ಬದುಕಿದ್ದಾಳೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಹಾಲು ಕರೆಯುವುದು ಮುಗಿಯುವ ಹೊತ್ತಿಗೆ ಅವಳದೊಂದು ಮಿಸ್ಡ್ ಕಾಲು ಬಂತು. ಮೂರು ರಿಂಗಿಗೆ ನಾನು ಕಟ್ ಮಾಡಿದೆ. ಅಂದಿನಿಂದ ಅದೇ ನಮ್ಮ ಪದ್ಧತಿ. ಅವಳು ರಿಂಗು ಕೊಟ್ಟರೆ ಇದ್ದೇನೆ ಎಂದರ್ಥ, ನಾನು ಕಟ್ ಮಾಡಿದರೆ ನಾನೂ ಇದ್ದೇನೆ ಎಂದರ್ಥ. ಚೀಲದ ಮೇಲಿಂದಲೇ, ನೋಡದೆ, ಹೆಬ್ಬೆರಳಲ್ಲಿ ಕೆಂಪು ಗುಂಡಿ ಒತ್ತುತ್ತಿದ್ದೆ. ನಮ್ಮ ಅಭಿಮಾನಕ್ಕೂ ಧಕ್ಕೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ.

ಹೊಸ ಫೋನು ಬಂದ ಮಾರನೆಯ ಬೆಳಿಗ್ಗೆ ಅಕ್ಕನ ರಿಂಗು ಬರಲಿಲ್ಲ. ಚಾರ್ಜು ಇಲ್ಲವೇನೋ ಎಂದುಕೊಂಡೆ. ಎರಡನೆಯ ದಿನ, ಮತ್ತೆ ದೊಡ್ಡಸ್ತಿಕೆ ಶುರುವಾಯಿತು ಎಂದು ಬೈದುಕೊಂಡೆ. ಐದನೆಯ ದಿನ ಮೋಟು ತೋಳಿನ ರವಿಕೆಗೆ ಉದ್ದ ತೋಳು ಕೂರಿಸಿದೆ. ನನ್ನ ಹೆಂಡತಿ ಪುಟ್ಟತಾಯಿ ಕಾಪಿ ಲೋಟ ಕುಕ್ಕಿ ಹೇಳಿದಳು: "ನೀವೇ ಒಂದ್ಸಲ ಮಾಡಿ ಅತ್ಲಾಗಿ. ಕೈಯೇನ್ ಸವ್ದೋಯ್ತದಾ?"

"ಮೊದ್ಲು ರಿಂಗ್ ಕೊಡೋದು ಅವ್ಳ್ ಕೆಲ್ಸ. ನಾನ್ಯಾಕ್ ಬಗ್ಗಬೇಕು?"

"ಬಗ್ಗಬ್ಯಾಡಿ. ಎಂಗೂ ಮೂಗಲ್ ತಾನೆ ಒತ್ತೋದು?"

ಎಂಟನೆಯ ದಿನ ತಡೆಯಲಾಗಲಿಲ್ಲ. ಪಣಕಹಳ್ಳಿಯ ಬಸ್ಸಿನಲ್ಲಿ ಕೂತವನ ಎದೆಯಲ್ಲಿ ಏನೇನು ಓಡಿತೆಂದು ಬರೆಯಲು ನಾಚಿಕೆಯಾಗುತ್ತದೆ. ಅವಳು ಸತ್ತು, ನನಗೆ ಮಾತ್ರ ಹೇಳಿಕಳಿಸಿಲ್ಲ ಎಂದೇ ತೀರ್ಮಾನಿಸಿದ್ದೆ. ದುಃಖಕ್ಕಿಂತ ಮುಂಚೆ, ಇದಕ್ಕೂ ನನ್ನನ್ನು ಸರಿಯಾಗಿ ಕರೆಯಲಿಲ್ಲವಲ್ಲ ಎಂಬ ಸಿಟ್ಟು ಬಂತು. ನಾನು ಎಂಥವನೆಂದು ಇದರಿಂದಲೇ ತಿಳಿಯಬಹುದು.

ಅಕ್ಕ ಜಗಲಿಯ ಮೇಲೆ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ಮೊರ ಕೈಯಿಂದ ಜಾರಿತು. "ಯಾಕ್ಲಾ ಬಂದೆ? ಪುಟ್ಟತಾಯಿ ಉಸಾರಾಗವ್ಳಾ?"

"ರಿಂಗ್ ಯಾಕ್ ಕೊಡ್ನಿಲ್ಲ ನೀನು?" ಆರು ವರ್ಷದ ಮೇಲೆ ನಾನು ಆಡಿದ ಮೊದಲ ಮಾತು ಅದು.

"ದಿನಾ ಕೊಟ್ಟಿವ್ನಿ! ನೀನೂ ಕಟ್ ಮಾಡಿದ್ದೀಯಲ್ಲ? ಮುಂಚೆ ಮೂರ್ ರಿಂಗ್ ಆಯ್ತಿತ್ತು, ಈಗ ಒಂದೂ ಆಗಕಿಲ್ಲ, ಪಟ್ ಅಂತ ಕಟ್. ನನ್ ತಮ್ಮ ಫೋನ್ ಇಡ್ಕಂಡೇ ಕಾಯ್ತಾ ಕುಂತವ್ನೆ ಅಂತ ಬೀದಿಗೆಲ್ಲ ಏಳ್ಕಂಡ್ ಬಂದೆ ಕಣ್ಲಾ."

ನಂಬದೆ, ಈಗ ಮಾಡು ಎಂದೆ. ಮಾಡಿದಳು. ನನ್ನ ಕೈಯಲ್ಲಿದ್ದ ಫೋನು ಮಿಸುಕಲಿಲ್ಲ, ಬೆಳಗಲೂ ಇಲ್ಲ. ಅವಳ ಫೋನಿನಲ್ಲಿ ಮಾತ್ರ ಪಟ್ಟೆಂದು ಕರೆ ಕಟ್ಟಾಯಿತು. ಅಂಗಡಿಯವನ ತಮಿಳು ಆಗ ನೆನಪಾಯಿತು. ಹೆಸರು ಬರೆಯದ ನಂಬರೆಲ್ಲ ಈ ಫೋನಿಗೆ ಗೊತ್ತಿಲ್ಲದ್ದೇ, ಬಂದರೆ ನನಗೆ ಹೇಳದೆ ತಾನೇ ಕಟ್ ಮಾಡುತ್ತದೆ. ಲೋಕದಲ್ಲಿ ಅದಕ್ಕೆ ಗೊತ್ತಿದ್ದವನು ಆ ಅಂಗಡಿಯವನೊಬ್ಬನೇ. ಒಡಹುಟ್ಟಿದವಳನ್ನು ಅದು ಎಂಟು ದಿನ ಹೊಸಿಲಲ್ಲೇ ತಡೆದು ಓಡಿಸಿತ್ತು.

ಹೇಳಿದೆ. ಅಕ್ಕ ನಗಲಿಲ್ಲ. ಚೆಲ್ಲಿದ ರಾಗಿಯನ್ನೇ ನೋಡುತ್ತ ಕೇಳಿದಳು: "ಅಂಗಾರೆ ಎಂಟ್ ದಿನ ನಾನು ಯಾರ್ ಕುಟ್ಟೆ ಮಾತಾಡ್ದೆ?"

ಆ ಎಂಟು ದಿನದಲ್ಲಿ ನಾನು ಸತ್ತು ಮಣ್ಣಾಗಿದ್ದರೂ ಆ ದರಿದ್ರ ಫೋನು ಪ್ರತಿ ಬೆಳಿಗ್ಗೆ, ನಾನಿದ್ದೇನೆ ಎಂದು ಅವಳಿಗೆ ತಪ್ಪದೆ ಹೇಳುತ್ತಿತ್ತು. ಅದೂ ನನಗಿಂತ ಚುರುಕಾಗಿ. ಆರು ವರ್ಷದಲ್ಲಿ ನಾನು ತಮ್ಮನಾಗಿ ಮಾಡಿದ ಒಂದೇ ಕೆಲಸ ಕಟ್ ಮಾಡುವುದು. ಅದಕ್ಕೂ ನಾನು ಬೇಕಿರಲಿಲ್ಲ.

ಮೂಗು ಉಜ್ಜಿ ಉಜ್ಜಿ 'ಅಕ್ಕ' ಎಂದು ಹೆಸರು ಬರೆದದ್ದಾಯಿತು. ಆದರೆ ಈಗ ಕಟ್ ಮಾಡಿದರೆ ಅವಳು ನಂಬುವುದಿಲ್ಲ. ಮತ್ತೆ ಮತ್ತೆ ಮಾಡುತ್ತಾಳೆ. ಎತ್ತಿದರೆ, "ಮಾತಾಡ್ಲಾ, ನೀನೇ ಅಂತ ಗೊತ್ತಾಗ್ಲಿ" ಎನ್ನುತ್ತಾಳೆ. ಏನು ಮಾತಾಡುವುದು? ಮೊದಲ ದಿನ ಮಳೆ ಎಂದೆ, ಜೋಳ ಎಂದೆ. "ಅದ್ನ ಯಾರ್ ಬೇಕಾರೂ ಏಳ್ತಾರೆ" ಎಂದಳು. ರೇಗಿತು. ಕುಂಕುಮವಿಡದೆ ಫೋನಿನಲ್ಲಿ ಮದುವೆಗೆ ಕರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಎತ್ತಿ ಆಡಿದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಸರಿ ಬುಡು, ನೀನೇ ಕಣ್ಲಾ" ಎಂದು ನೆಮ್ಮದಿಯಾಗಿ ಕಟ್ ಮಾಡಿದಳು. ಈಗ ದಿನಾ ಬೆಳಿಗ್ಗೆ ಅದನ್ನೇ ಬೈಯುತ್ತೇನೆ.