ಲಿಫ್ಟು ಎಲ್ಲರದು

ಲಿಫ್ಟಿನೊಳಗೆ ಐದನೇ ನಂಬರಿನ ಬಟನ್ನೇ ಇರಲಿಲ್ಲ. ಒಂದರಿಂದ ನಾಲ್ಕರವರೆಗೆ ಹೊಸ ಬಟನ್ನುಗಳು ಫಳಫಳ ಹೊಳೆಯುತ್ತಿದ್ದವು. ಐದು ಇರಬೇಕಾದ ಜಾಗಕ್ಕೆ ಸ್ಟೀಲಿನ ತಗಡು ಕೂರಿಸಿ ಸ್ಕ್ರೂ ಬಿಗಿದಿದ್ದರು. ಕಟ್ಟಡದ ಸಂಘದ ಕಾರ್ಯದರ್ಶಿ ಆ ತಗಡನ್ನು ಒತ್ತಿ ನೋಡಿದ, ಉಗುರಿನಿಂದ ಕೆರೆದು ನೋಡಿದ, ಕೊನೆಗೆ ಕಟ್ಟಡದವರು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಗುದ್ದನ್ನೂ ಕೊಟ್ಟ. ಲಿಫ್ಟು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

"ಏನೋ ಅದು, ಹೊರಡೋದಕ್ಕೆ ಮುಹೂರ್ತ ನೋಡ್ತಿದೀಯಾ?" ಎಂದರು ಗಾಲಿಕುರ್ಚಿಯಲ್ಲಿ ಕೂತಿದ್ದ ಅಮ್ಮ.

ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಅಪ್ಪಿತಪ್ಪಿಯೂ ಒಂದು ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಬೆರಳು ಆಡಿಸಿ ಹೇಳಿ ಕಳಿಸಿದ್ದರು. ಆಸ್ಪತ್ರೆಯ ವ್ಯಾನಿನವರು ಇಬ್ಬರನ್ನೂ ಕೆಳಗಿನ ಪಡಸಾಲೆಯಲ್ಲಿ ಇಳಿಸಿ ಹೋಗಿಯಾಗಿತ್ತು. ಅಮ್ಮನ ಮಂಚ ಇದ್ದದ್ದು ಐದನೇ ಮಹಡಿಯಲ್ಲಿ.

ಇಷ್ಟಕ್ಕೂ ಆ ಲಿಫ್ಟನ್ನು ಕಂಪನಿಯ ಕೈಗೆ ಕೊಟ್ಟವನು ಇದೇ ಕಾರ್ಯದರ್ಶಿ. ದೇಶದಲ್ಲಿ ನೀರು, ಕರೆಂಟು, ಅಂಚೆ ಎಲ್ಲವೂ ಒಂದೊಂದಾಗಿ ಕಂಪನಿಗಳ ಪಾಲಾಗುತ್ತಿದ್ದ ಕಾಲ ಅದು. ಬಳಸುವವರೇ ಭರಿಸಬೇಕು, ಪುಕ್ಕಟೆ ಎಂಬುದು ದೇಶಕ್ಕೆ ಹಿಡಿದ ಗೆದ್ದಲು ಎಂದು ಮಂತ್ರಿಗಳು ದಿನಾ ಟಿವಿಯಲ್ಲಿ ಹೇಳುತ್ತಿದ್ದರು. ಕಾರ್ಯದರ್ಶಿ ಕೆಲಸ ಮಾಡುತ್ತಿದ್ದ ಬಸ್ ಇಲಾಖೆಯನ್ನೇ ಮಾರಿ, ಅವನನ್ನು ಅದೇ ಕುರ್ಚಿಯಲ್ಲಿ ಗುತ್ತಿಗೆ ಗುಮಾಸ್ತನಾಗಿ ಮತ್ತೆ ಕೂರಿಸಿದ್ದರು. ಆದರೂ ಆ ಪುಣ್ಯಾತ್ಮನಿಗೆ ಬೇಸರವಿರಲಿಲ್ಲ. ಸುಧಾರಣೆ ಅಂದಮೇಲೆ ಸ್ವಲ್ಪ ನೋಯಲೇಬೇಕು ಎಂದು ಟಿವಿಯ ಮುಂದೆ ತಲೆಯಾಡಿಸುತ್ತಿದ್ದ.

ಅಲ್ಲಿಯವರೆಗೆ ಲಿಫ್ಟಿನ ಖರ್ಚನ್ನು ಕಟ್ಟಡದವರೆಲ್ಲ ಹಂಚಿಕೊಳ್ಳುತ್ತಿದ್ದರು. ಒಂದು ದಿನ ಸಂಘದ ಸಭೆಯಲ್ಲಿ ನೆಲಮಹಡಿಯ ಟೈಲರಮ್ಮ, "ನಾನು ಲಿಫ್ಟೇ ಹತ್ತಲ್ಲ, ನಾನ್ಯಾಕೆ ಕೊಡ್ಲಿ?" ಎಂದು ಕೇಳಿದ್ದೇ ತಡ, ಕಾರ್ಯದರ್ಶಿಯ ಮುಖ ಅರಳಿತು. ಟೆಂಡರು ಕರೆದ. ಬಂದದ್ದು ಒಂದೇ ಕಂಪನಿ. ಸ್ಪರ್ಧೆಯಲ್ಲಿ ಅದೇ ಮೊದಲ ಸ್ಥಾನ ಪಡೆಯಿತು. ಹಳೆಯ ಮೋಟಾರನ್ನು ಗುಜರಿಯವನಿಗೆ ಹಾಕಿ, ಬಂದ ದುಡ್ಡಿನಲ್ಲಿ ಪಡಸಾಲೆಗೆ ದೊಡ್ಡದೊಂದು ಕನ್ನಡಿ ತಂದ. ಒಂದು ಮಹಡಿಯ ಎಲ್ಲ ಮನೆಯವರೂ ತಿಂಗಳ ದುಡ್ಡು ಕಟ್ಟಿ ಲಿಫ್ಟಿಗೆ ಸೇರಿದರೆ ಮಾತ್ರ ಆ ಮಹಡಿಗೆ ಬಟನ್ನು, ಇಲ್ಲವಾದರೆ ಇಲ್ಲ ಎಂಬ ನಿಯಮವನ್ನೂ ಬರೆದುಕೊಟ್ಟ. ಅವನು ಅಮ್ಮನ ಜೊತೆ ಆಸ್ಪತ್ರೆಯಲ್ಲೇ ಉಳಿದಿದ್ದ ದಿನಗಳಲ್ಲಿ ಕಂಪನಿಯವರು ಬಂದು ಆ ನಿಯಮವನ್ನು ಚಾಚೂ ತಪ್ಪದೆ ಜಾರಿಗೆ ತಂದಿದ್ದರು.

ಪಡಸಾಲೆಯ ಮೂಲೆಯಲ್ಲಿ ಕಂಪನಿಯ ಸೂಪರ್‌ವೈಸರ್ ನಗುತ್ತಾ ನಿಂತಿದ್ದ. ನಗುವುದೂ ಅವನ ಕೆಲಸದಲ್ಲೇ ಸೇರಿತ್ತು.

"ಸರ್, ನಿಮ್ಮ ಮಹಡೀಲಿ ಎರಡು ಮನೆ. ನೀವು ಸೇರಿದೀರಿ. ಎದುರು ಮನೆ ಡ್ರಿಲ್ ಮೇಷ್ಟ್ರು ಸೇರಿಲ್ಲ."

"ಅಯ್ಯೋ ಮಾರಾಯ, ಆ ನಿಯಮ ಬರೆದೋನೇ ನಾನು."

"ಬಹಳ ಚೆನ್ನಾಗಿ ಬರೆದಿದೀರಿ ಸರ್," ಎಂದು ಸೂಪರ್‌ವೈಸರ್ ಇನ್ನೂ ಅಗಲವಾಗಿ ನಕ್ಕ.

ಅಮ್ಮನನ್ನು ಕನ್ನಡಿಯ ಪಕ್ಕ ಬಿಟ್ಟು ಕಾರ್ಯದರ್ಶಿ ಐದು ಮಹಡಿಯನ್ನೂ ಹತ್ತಿಹೋದ. ಡ್ರಿಲ್ ಮೇಷ್ಟ್ರು ಬನಿಯನ್ನಿನಲ್ಲಿ ಬಾಗಿಲು ತೆರೆದರು. ಅವರ ಪ್ರಕಾರ ಮನುಷ್ಯನ ಸಕಲ ಕಾಯಿಲೆಗಳಿಗೂ ಲಿಫ್ಟೇ ಮೂಲ.

"ಬಳಸೋರು ಕೊಡಬೇಕು ಅಂದಿದ್ದು ನೀವೇ ಅಲ್ವಾ? ನಾನು ಬಳಸಲ್ಲ," ಎಂದರು.

"ನಮ್ಮಮ್ಮ ಕೆಳಗೆ ಕೂತಿದಾರೆ ಮೇಷ್ಟ್ರೇ. ಅವರ ಮುಖ ನೋಡಿಯಾದ್ರೂ ಸೇರ್ಕೊಳ್ಳಿ."

ಮೇಷ್ಟ್ರು ಯೋಚಿಸಿದರು. "ನನ್ನ ಜೊತೆ ಬಸ್ಕಿ ಹೊಡೀರಿ. ಆಮೇಲೆ ನೋಡೋಣ."

ಕಾರ್ಯದರ್ಶಿ ಹೊಡೆದ. ಪ್ಯಾಂಟಿನ ಹೊಲಿಗೆ ಪರ್ರೆಂದಿತು, ಕಣ್ಣಿಗೆ ಕತ್ತಲೆ ಬಂತು, ಆದರೂ ಅಮ್ಮನನ್ನು ನೆನೆದು ಹೊಡೆದ. ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಿದರು. "ನೋಡಿದ್ರಾ? ಇಂಥಾ ಕಾಲಿಟ್ಕೊಂಡು ಲಿಫ್ಟು ಯಾಕೆ ಬೇಕು ನಿಮಗೆ?" ಎಂದು ಬಾಗಿಲು ಹಾಕಿಕೊಂಡರು.

ಗೋಡೆ ಹಿಡಿದುಕೊಂಡು ಇಳಿದು ಬರುವಷ್ಟರಲ್ಲಿ ಅಮ್ಮನ ಸುತ್ತ ಜನ ನೆರೆದಿದ್ದರು. ಮೂರನೇ ಮಹಡಿಯ ಅಜ್ಜ ತಮ್ಮ ಮೊಣಕಾಲಿನ ಕತೆ ಹೇಳುತ್ತಿದ್ದರು. ಅವರ ಮಹಡಿಗೆ ಬಟನ್ನು ಇತ್ತು; ಆದರೆ ದಿನಕ್ಕೆ ಎರಡೇ ಸಲ ಎಂದು ಕಂಪನಿ ಮಿತಿ ಹಾಕಿತ್ತಂತೆ. ವಾಕಿಂಗ್ ಹೋದ ದಿನ ಪೇಪರಿಗೆ ಇಳಿಯುವಂತಿಲ್ಲ. ಮೊದಲು ಒಬ್ಬರ ಮನೆಗೊಬ್ಬರು ಹೋಗಿ ಹರಟುತ್ತಿದ್ದವರು ಈಗ ಯಾರು ಎಷ್ಟು ಸಲ ಹತ್ತಿದರೆಂದು ಲೆಕ್ಕ ಹಾಕುತ್ತಾ ಮಹಡಿ ಮಹಡಿಗೂ ಮುಖ ಊದಿಸಿಕೊಂಡಿದ್ದರು. ನಾಲ್ಕನೆಯವರು ಎರಡನೆಯವರ ಜೊತೆ ಲಿಫ್ಟಿನಲ್ಲಿ ನಿಂತರೂ ಮಾತಾಡುತ್ತಿರಲಿಲ್ಲ.

"ಸರ್, ಒಂದು ದಾರಿ ಇದೆ," ಎಂದ ಸೂಪರ್‌ವೈಸರ್. "ಬೀರು, ಫ್ರಿಜ್ಜು ಆದ್ರೆ ಯಾವ ಮಹಡಿಗಾದ್ರೂ ಸಾಗಿಸ್ತೀವಿ. ಅದು ಬೇರೆ ಸ್ಕೀಮು, ಅದಕ್ಕೆ ನನ್ನ ಹತ್ರ ಕೀಲಿ ಇದೆ. ಅಮ್ಮಾವರನ್ನ ಸಾಮಾನು ಅಂತ ತೋರಿಸಿದ್ರೆ..."

ಹೇಗಾದರೂ ಅಮ್ಮ ಮಂಚ ಸೇರಿದರೆ ಸಾಕಾಗಿದ್ದ ಕಾರ್ಯದರ್ಶಿ ಹಿಂದೆಮುಂದೆ ನೋಡದೆ ತಲೆಯಾಡಿಸಿಬಿಟ್ಟ. ಸೂಪರ್‌ವೈಸರ್ ಕ್ಷಣಮಾತ್ರದಲ್ಲಿ ಹಗ್ಗ, ಗೋಣಿಪಟ್ಟೆ ತಂದ. ಸಾಮಾನು ಸುತ್ತದೆ ಒಳಗೆ ಬಿಡುವಂತಿಲ್ಲ ಎನ್ನುತ್ತಾ ಅಮ್ಮನ ಹೆಗಲಿಗೆ ಗೋಣಿ ಹೊದಿಸಿ, ಎದೆಯ ಮೇಲೆ 'ಒಡೆಯುವ ವಸ್ತು' ಎಂಬ ಚೀಟಿ ಅಂಟಿಸಿದ. ಅಮ್ಮ ಚೀಟಿಯನ್ನು ಓದಿದರು. ಆಮೇಲೆ ಮಗನ ಮುಖ ನೋಡಿದರು.

"ನಾನು ಬೀರೂನೇನೋ?"

"ಅಮ್ಮ, ಬರೀ ಐದು ನಿಮಿಷ..."

"ನಿಮ್ಮಪ್ಪ ಸಂಬಳವಿಲ್ಲದೆ ಕೂತಿದ್ದಾಗ ಇಲ್ಲಿನೋರೆಲ್ಲ ಸೇರಿ ನಮ್ಮ ಪಾಲಿನ ಲಿಫ್ಟಿನ ದುಡ್ಡು ಕಟ್ಟಿದ್ರು. ನಿನಗೆ ನೆನಪಿಲ್ಲ, ಆಗ ನೀನು ನನ್ನ ಸೊಂಟದ ಮೇಲಿದ್ದೆ. ಈಗ ನನಗೇ ಗೋಣಿ ಸುತ್ತುಸ್ತೀಯಾ?"

ಕಾರ್ಯದರ್ಶಿಗೆ ನಿಂತ ನೆಲವೇ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಿಜಕ್ಕೂ ನಾಚಿಕೆಯಾಯಿತು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜ ಮುಂದೆ ಬಂದು ಗೋಣಿಪಟ್ಟೆಯನ್ನು ಕಿತ್ತೆಸೆದರು.

ಆ ಸಂಜೆಯೇ ಸಂಘದ ಅಧ್ಯಕ್ಷರ ಚುನಾವಣೆ. ಕಣದಲ್ಲಿದ್ದವನು ಕಾರ್ಯದರ್ಶಿ ಒಬ್ಬನೇ. ಗೆದ್ದಮೇಲೆ ಮಾಡಬೇಕಾದ ಭಾಷಣವೂ ಅವನಿಗೆ ಬಾಯಿಪಾಠವಾಗಿತ್ತು. ಮಧ್ಯಾಹ್ನವೆಲ್ಲ ಅಮ್ಮ ಪಡಸಾಲೆಯಲ್ಲೇ ಉಳಿದರು. ಸೊಸೆ ಐದು ಮಹಡಿ ಇಳಿದು ಊಟ ಕೆಳಗೇ ತಂದುಕೊಟ್ಟಳು; ಟೈಲರಮ್ಮ ದಿಂಬು ತಂದರು. ಹೋಗುವವರು ಬರುವವರೆಲ್ಲ ಕುರ್ಚಿಯ ಬಳಿ ನಿಂತು ತಮ್ಮ ತಮ್ಮ ಸಂಕಟ ತೋಡಿಕೊಂಡರು. ದಿನಗಟ್ಟಲೆ ಮಾತು ಬಿಟ್ಟವರೂ ಅಲ್ಲೇ ಪರಸ್ಪರ ಮುಖ ನೋಡಿದರು. ಸಂಜೆಯ ಹೊತ್ತಿಗೆ ಅಜ್ಜ ಎದ್ದುನಿಂತು ಅಧ್ಯಕ್ಷ ಸ್ಥಾನಕ್ಕೆ ಅಮ್ಮನ ಹೆಸರು ಸೂಚಿಸಿದರು.

ಅಮ್ಮನ ಭಾಷಣ ಗಿಡ್ಡದು. "ಲಿಫ್ಟು ಮತ್ತೆ ಎಲ್ಲರದು. ಕಾಲು ನೋಯೋರು ಯಾರೂ ಇನ್ಮೇಲೆ ಮೆಟ್ಟಿಲು ಹತ್ತಬೇಕಾಗಿಲ್ಲ. ಇದು ನನ್ನ ಮಾತು."

ಚಪ್ಪಾಳೆಗೆ ಕನ್ನಡಿ ಅದುರಿತು. ಕೈಗಳೆಲ್ಲ ಮೇಲೆದ್ದವು. ಲಿಫ್ಟಿನ ಶತ್ರು ಡ್ರಿಲ್ ಮೇಷ್ಟ್ರೂ ಜನರ ಹುಮ್ಮಸ್ಸು ನೋಡಿ ಎರಡೂ ಕೈ ಎತ್ತಿದರು. ಎತ್ತದೆ ಉಳಿದವನು ಕಾರ್ಯದರ್ಶಿ ಒಬ್ಬನೇ. ಅಮ್ಮ ಅವನತ್ತ ಒಮ್ಮೆ ನೋಡಿದರು, ಅವನೂ ಎತ್ತಿದ. ನಿಜ ಹೇಳಬೇಕೆಂದರೆ ಅವನ ಮನಸ್ಸು ಹಗುರವಾಗಿತ್ತು. ಅಧ್ಯಕ್ಷಗಿರಿ ಹೋದರೆ ಹೋಗಲಿ, ಅಮ್ಮ ಮನೆ ಸೇರುತ್ತಾರಲ್ಲ.

"ಕಂಪನಿ ಇವತ್ತಿಂದ ಬೇಡ," ಎಂದು ಅಮ್ಮ ಸೂಪರ್‌ವೈಸರಿಗೆ ಹೇಳಿದರು.

ಅವನು ವಾದ ಮಾಡಲಿಲ್ಲ. ನಗುತ್ತಲೇ ತಲೆಬಾಗಿ ಇಬ್ಬರು ಆಳುಗಳೊಂದಿಗೆ ಮೇಲೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಆಳುಗಳು ದೊಡ್ಡದೇನನ್ನೋ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದರು.

"ಏನದು?" ಎಂದು ಕೇಳಿದ ಕಾರ್ಯದರ್ಶಿ.

"ಮೋಟಾರು ಸರ್. ಅದು ಕಂಪನೀದು. ಯಾರು ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು, ಮಾರುಕಟ್ಟೆ ಅಂದ್ರೆ ಸ್ವಾತಂತ್ರ್ಯ ಅಂತ ನೀವೇ ಅಲ್ವಾ ಹೇಳಿದ್ದು? ನಿಮ್ಮ ಹಳೇದನ್ನ ಹಾಕ್ಕೊಳ್ಳಿ." ಹಳೆಯದು ಗುಜರಿಯವನ ಪಾಲಾಗಿ, ಕನ್ನಡಿಯಾಗಿ ಎದುರಿಗೇ ಹೊಳೆಯುತ್ತಿತ್ತು.

ಎಲ್ಲರೂ ಹೊಸ ಅಧ್ಯಕ್ಷರ ಮುಖ ನೋಡಿದರು. ಅಧಿಕಾರಕ್ಕೆ ಬಂದು ಇನ್ನೂ ಗಂಟೆಯಾಗದಿದ್ದರೂ ಅಮ್ಮ ಗಲಿಬಿಲಿಗೊಳ್ಳಲಿಲ್ಲ.

"ಕೊಟ್ಟ ಮಾತು ತಪ್ಪೋ ಹಾಗಿಲ್ಲ. ನಮ್ಮ ಸಂಘದಲ್ಲಿ ಲಿಫ್ಟಿನ ಜವಾಬ್ದಾರಿ ಯಾರದು?"

"ಕಾರ್ಯದರ್ಶೀದು," ಎಂದರು ಎಲ್ಲರೂ ಒಟ್ಟಿಗೆ. ಅಷ್ಟು ಬೇಗ ಆ ಕಟ್ಟಡ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

"ಹಾಗಾದ್ರೆ ಬಗ್ಗಪ್ಪ."

ಟೈಲರಮ್ಮ ಅದೇ ಗೋಣಿಪಟ್ಟೆಯಿಂದ ಪಟಪಟನೆ ಅಗಲವಾದ ಪಟ್ಟಿ ಹೊಲಿದುಕೊಟ್ಟರು. ಅದರಲ್ಲಿ ಅಮ್ಮನನ್ನು ಬೆನ್ನಿಗೆ ಬಿಗಿದುಕೊಂಡು ಕಾರ್ಯದರ್ಶಿ ಹತ್ತತೊಡಗಿದ. ಮೇಷ್ಟ್ರು ಹಿಂದಿನಿಂದ, "ಬೆನ್ನು ನೆಟ್ಟಗೆ, ಉಸಿರು ಬಿಡಿ, ಬೆಳಿಗ್ಗೆ ಬಸ್ಕಿ ಹೊಡೆಸಿದ್ದು ಎಷ್ಟು ಒಳ್ಳೇದಾಯ್ತು ನೋಡಿ," ಎನ್ನುತ್ತಾ ಬಂದರು. ಅವರು ಒಂದು ಕೈ ಹಾಕುವ ಮಾತನ್ನು ಮಾತ್ರ ಎತ್ತಲಿಲ್ಲ.

ಅಂತೂ ಅಮ್ಮ ತಮ್ಮ ಮಂಚ ಸೇರಿದರು. ಕಾಲು ಚಾಚಿ, ಮಗನ ಬೆವರಿದ ತಲೆಯ ಮೇಲೆ ಕೈಯಾಡಿಸಿದರು. "ಸುಸ್ತಾಯ್ತೇನೋ?"

ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇಲ್ಲಮ್ಮ. ನೀನೇನು ಭಾರವಾ?"

"ಒಳ್ಳೇದಾಯ್ತು. ಹಾಗಾದ್ರೆ ಬೇಗ ಕೆಳಗೆ ಹೋಗು. ಎಲ್ಲರೂ ಕಾಯ್ತಿದಾರೆ."

ಕೆಳಗೆ ಲಿಫ್ಟಿನ ಬಾಗಿಲ ಮುಂದೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಮೂರನೇ ಮಹಡಿಯ ಅಜ್ಜ, ಅವರ ಹಿಂದೆ ನೆಲಮಹಡಿಯ ಟೈಲರಮ್ಮ.

"ನಿಮ್ಮ ಮನೆ ಇಲ್ಲೇ ಇದೆಯಲ್ಲ ಟೈಲರಮ್ಮ?" ಎಂದ ಕಾರ್ಯದರ್ಶಿ, ಅಳುವ ಧ್ವನಿಯಲ್ಲಿ.

"ಟೆರೇಸಲ್ಲಿ ಬಟ್ಟೆ ಒಣಗಾಕಿದೀನಿ. ಮೊದಲಾದ್ರೆ ಮೆಟ್ಟಿಲಲ್ಲೇ ಹೋಗ್ತಿದ್ದೆ. ಈಗ ಎಲ್ಲರ ಲಿಫ್ಟು ಅಲ್ವಾ?"

ಕಾರ್ಯದರ್ಶಿ ಬಗ್ಗಿದ. ಅಜ್ಜ ಬೆನ್ನೇರಿ, ಪಟ್ಟಿ ಬಿಗಿಮಾಡಿಕೊಂಡು ಆರಾಮಾಗಿ ಕೂತರು. ಆಮೇಲೆ ಅವನ ಬಲಭುಜವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, "ಮೂರು," ಎಂದರು.