ಗುಡ್ಡ ಹತ್ತಿದ ಮೇಕೆ

ಮೇಕೆ ಹೆಂಡತಿಯದು, ಫಜೀತಿ ಮಾತ್ರ ದರ್ಜಿಯದು. ನೆರೆ ಬಂದರೆ ಸಾಕುಪ್ರಾಣಿಗಳನ್ನು ಸಾಗಿಸುವುದು ಹೇಗೆಂದು ಅಂದು ಹೊಳೆದಂಡೆಯ ಬೀದಿಗೆಲ್ಲ ತಾಲೀಮು. ಸಂಜೆ ಸೈರನ್ ಕೂಗಿದೊಡನೆ ಎಲ್ಲವನ್ನೂ ಗುಡ್ಡದ ಮೇಲಿನ ಶಾಲೆಯಂಗಳದ ಬೇಲಿಯೊಳಗೆ ಸೇರಿಸಬೇಕು. ಸೇರದ ಪ್ರಾಣಿಗೆ ನಿಜವಾದ ನೆರೆಯಲ್ಲಿ ಅಲ್ಲಿ ಜಾಗವಿಲ್ಲ.

"ರೀ, ಅದಕ್ಕೆ ಜಾಗ ಸಿಗಲಿಲ್ಲ ಅಂದ್ರೆ ಇವತ್ತು ರಾತ್ರಿ ನೀವು ಕೊಟ್ಟಿಗೇಲೇ ಮಲಗಿ," ಎಂದು ಹೇಳಿ ಹೆಂಡತಿ ಅಕ್ಕನ ಮನೆಗೆ ಹೊರಟಳು. ಆಕೆ ತಮಾಷೆ ಮಾಡುವವಳಲ್ಲ. ದರ್ಜಿಗೋ ಹಾಸಿಗೆಯೆಂದರೆ ಪ್ರಾಣ.

ಮಧ್ಯಾಹ್ನವೇ ಅಭ್ಯಾಸ ಶುರುಮಾಡಿದ. ಹಗ್ಗ ಎಳೆದರೆ ಮೇಕೆ ಹೊಸಿಲಲ್ಲೇ ಮಂಡಿಯೂರಿತು.

"ಎಳೆದ್ರೆ ಬರಲ್ಲಪ್ಪ, ಹಿಂದಿಂದ ನೂಕಬೇಕು," ಎಂದ ಎದುರಂಗಡಿಯ ಕ್ಷೌರಿಕ, ಗಿರಾಕಿಯ ಅರ್ಧ ಮೀಸೆ ಬಿಟ್ಟು ಓಡಿಬಂದು. ನೂಕಿದ ದರ್ಜಿ ಒದೆ ತಿಂದು ಬಟ್ಟೆ ನೆನೆಸಿದ್ದ ಬಕೆಟ್ಟಿನಲ್ಲಿ ಕುಳಿತ.

"ಕಣ್ಣಿಗೆ ಬಟ್ಟೆ ಕಟ್ಟು ಮಗಾ. ನಮ್ಮ ಯಜಮಾನ್ರನ್ನ ಆಸ್ಪತ್ರೆಗೆ ಹಾಗೇ ಕರ್ಕೊಂಡು ಹೋಗೋದು," ಎಂದರು ಪಕ್ಕದ ಮನೆಯ ಅಜ್ಜಿ. ಕಟ್ಟಿದ್ದನ್ನು ಮೇಕೆ ಕೊಡವಿ ಬೀಳಿಸಿ ತಿಂದುಹಾಕಿತು. ಅದು ಕ್ಷೌರಿಕ ಹೊಲಿಯಲು ಕೊಟ್ಟಿದ್ದ ಹೊಸ ಅಂಗಿಯ ತೋಳು. ಆಮೇಲೆ ಕ್ಷೌರಿಕ ಸಲಹೆ ಕೊಡಲಿಲ್ಲ.

ದರ್ಜಿ ಕೈಚೆಲ್ಲಿ ಕೂತಾಗಲೇ ಸೈರನ್ ಕೂಗಿತು. ಕೊರಳಿನ ಅಳತೆ ಟೇಪನ್ನು ಹಿಂದಿನಿಂದ ಯಾರೋ ಎಳೆದಂತಾಯಿತು. ತಿರುಗಿದರೆ ಮೇಕೆ, ಬಾಯಲ್ಲಿ ಟೇಪಿನ ತುದಿ. ದರ್ಜಿಗೆ ಥಟ್ಟನೆ ಹೊಳೆಯಿತು. ಬಿಡಿಸಿಕೊಂಡು ಗುಡ್ಡದತ್ತ ಓಟ ಕಿತ್ತ. ಹಿಂದೆ ಬಾಲದಂತೆ ಟೇಪು, ಟೇಪಿನ ಹಿಂದೆ ಮೇಕೆ, ಮೇಕೆಯ ಹಿಂದೆ ಬುದ್ಧಿ ಹೇಳುತ್ತ ಇಡೀ ಬೀದಿ. ಬೇಲಿಯೊಳಗೆ ಮೊದಲು ಸೇರಿದ್ದು ಇವನ ಮೇಕೆಯೇ.

"ಇದಕ್ಕೆ ಜಾಗ ಖಾತ್ರಿ," ಎಂದು ತಾಲೀಮಿನ ಅಧಿಕಾರಿ ಬೆನ್ನು ತಟ್ಟಿದರು. ದರ್ಜಿ ಹಾಸಿಗೆಯನ್ನು ನೆನೆದು ಹಿರಿಹಿರಿ ಹಿಗ್ಗಿದ. ಆ ಹಿಗ್ಗಿನಲ್ಲಿ ಟೇಪನ್ನು ಮೇಕೆಗೇ ಇನಾಮು ಕೊಟ್ಟುಬಿಟ್ಟ.

ತಾಲೀಮು ಮುಗಿದು ಎಲ್ಲರೂ ತಂತಮ್ಮ ಪ್ರಾಣಿಗಳೊಂದಿಗೆ ಇಳಿದರು. ಇವನ ಮೇಕೆ ಮಾತ್ರ ಟೇಪು ಮುಗಿಸಿ ಕಾಲು ಮಡಚಿ ಕುಳಿತದ್ದು ಜಪ್ಪಯ್ಯ ಎಂದರೂ ಏಳಲಿಲ್ಲ. ಹೊತ್ತು ಇಳಿಸೋಣವೆಂದರೆ ಒದೆ ತಿಂದ ಸೊಂಟ ಒಪ್ಪಲಿಲ್ಲ. ಹತ್ತುವುದಕ್ಕೆ ತಾಲೀಮಾಗಿತ್ತು, ಇಳಿಯುವುದನ್ನು ಯಾರೂ ಯೋಚಿಸಿರಲಿಲ್ಲ.

ಸುದ್ದಿ ಕೇಳಿ ಹೆಂಡತಿ ಗುಡ್ಡ ಹತ್ತಿ ಬಂದಳು, ಬಗಲಲ್ಲಿ ಏನೋ ಸುರುಳಿ. ಮೇಕೆಯ ಕೊರಳು ಸವರಿದಳು. "ಪಾಪ, ದಣಿದಿದೆ. ಬೆಳಗಾಗ್ಲಿ, ತಾನೇ ಇಳಿಯುತ್ತೆ."

ದರ್ಜಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಡಿ, ಮನೆಗೆ ಹೋಗೋಣ."

"ಹೊಸ ಜಾಗದಲ್ಲಿ ಅದೊಂದನ್ನೇ ಬಿಟ್ಟು ಹೋಗೋಕಾಗುತ್ತೇನ್ರಿ," ಎಂದು ಹೆಂಡತಿ ಬಗಲಿನ ಚಾಪೆಯನ್ನು ಅವನ ಕೈಗಿಟ್ಟು ಗುಡ್ಡ ಇಳಿದಳು.

ಕೊಟ್ಟಿಗೆಗಾದರೂ ಸೂರಿತ್ತಲ್ಲ ಎಂದುಕೊಳ್ಳುತ್ತ ದರ್ಜಿ ಮೇಕೆಯ ಪಕ್ಕದಲ್ಲಿ ಚಾಪೆ ಬಿಡಿಸಿದ. ಮೇಕೆ ಅದರ ಅಂಚನ್ನು ಮೂಸಿನೋಡತೊಡಗಿತು.