ನಾನು ಮೇಣದಬತ್ತಿ ಮೇಷ್ಟ್ರಾದದ್ದು

ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪ, ಕೆಲವರಿಗೆ ನಾಲಗೆಯ ತುದಿಯಲ್ಲಿ ಸರಸ್ವತಿ. ನನಗಿರುವುದು ಪಾಠ ಹೇಳುವ ಚಟ. ಯಾವ ವಿದ್ಯೆಯನ್ನೇ ಆಗಲಿ, ಎರಡು ವಾರ ಕಲಿತರೆ ಮೂರನೆಯ ವಾರ ಅದನ್ನು ಯಾರ ತಲೆಗಾದರೂ ತುಂಬದೆ ನನಗೆ ಊಟ ಸೇರುವುದಿಲ್ಲ. ಈಜು ಕಲಿಯಲು ಹೋದ ನಾಲ್ಕನೆಯ ದಿನವೇ ಕೊಳದ ದಡದಲ್ಲಿ ನಿಂತು, ಒಣಗಿದ ಟವಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, “ಉಸಿರು ಬಾಯಲ್ಲಿ ತಗೊಳ್ಳಿ ಸಾರ್, ಮೂಗಲ್ಲಿ ಬಿಡಿ” ಎಂದು ನೀರಿನಲ್ಲಿದ್ದವರಿಗೆ ಹೇಳಿಕೊಡುತ್ತಿದ್ದೆ. ಅವರೂ ಪಾಪ, ಬಾಯಲ್ಲಿ ತಗೊಂಡು ಮೂಗಲ್ಲಿ ಬಿಡುತ್ತಿದ್ದರು. ನಿಜವಾದ ಕೋಚ್ ಬಂದು, “ಏನ್ ಗುರು, ಇವತ್ತೂ ನೀರಿಗೆ ಇಳಿಯಲ್ವಾ?” ಎಂದು ಕೇಳಿದ ಮೇಲೆ ಆ ಕೊಳದ ಕಡೆಗೆ ನಾನು ಹೋಗಿಲ್ಲ.

ಇನ್ನೊಂದು ಚಟ ಅಣಕ. ಯಾರ ಜೊತೆ ಹತ್ತು ನಿಮಿಷ ಕೂತರೂ ಅವರ ದನಿ ನನ್ನ ಗಂಟಲಿಗೆ ಬಂದು ಬಾಡಿಗೆಗೆ ಕೂತುಬಿಡುತ್ತದೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಅಲ್ಲಿ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ನಮ್ಮ ಮ್ಯಾನೇಜರನ್ನು ಅಣಕಿಸುತ್ತಿದ್ದೆ. ಎದುರಿಗಿದ್ದವರು ನಗು ನಿಲ್ಲಿಸಿ ತಟ್ಟೆ ನೋಡತೊಡಗಿದರು. ಬೆನ್ನ ಹಿಂದಿನಿಂದ, “ಚೆನ್ನಾಗ್ ಮಾಡ್ತೀರ. ಆದ್ರೆ ನಾನು ಅಷ್ಟೊಂದು ಮೂಗಲ್ಲಿ ಮಾತಾಡಲ್ಲ” ಎಂದು ಕೇಳಿಸಿತು. ಅಷ್ಟೂ ಮೂಗಿನಲ್ಲೇ ಬಂದಿತ್ತು.

ಇಂಥ ನನಗೆ ಈಚೆಗೆ ಹಿಡಿದ ಹೊಸ ಹುಚ್ಚು ಷೇರು ಚಾರ್ಟಿನ ಭಾಷೆ. ಷೇರಿನ ಬೆಲೆ ಒಂದು ದಿನದಲ್ಲಿ ಎಲ್ಲಿ ಶುರುವಾಯಿತು, ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಿತ್ತು, ಎಲ್ಲಿ ನಿಂತಿತು ಎಂಬುದನ್ನೆಲ್ಲ ಒಂದು ಪುಟ್ಟ ಮೇಣದಬತ್ತಿಯ ಆಕಾರದಲ್ಲಿ ಬರೆಯುತ್ತಾರೆ. ದಿನಕ್ಕೊಂದು ಬತ್ತಿ, ಏರಿದರೆ ಹಸಿರು, ಇಳಿದರೆ ಕೆಂಪು. ಈ ಬತ್ತಿಗಳ ಸಾಲಿಗೆ ನಾವು ಅಪ್ಪಣೆ ಕೊಡಲು ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ. ‘ಬೆಲೆ ಹತ್ತು ದಿನದ ಸರಾಸರಿಯನ್ನು ದಾಟಿದರೆ ಒಂದು ಬಾಣ ಹಾಕು’ ಎಂದು ಅದರಲ್ಲಿ ಬರೆದರೆ ಪರದೆಯ ಮೇಲೆ ಬಾಣಗಳು ಟಪಟಪ ಬೀಳುತ್ತವೆ. ನಾನು ಬರೆದ ಮೊದಲ ಬಾಣ ಬಿದ್ದ ದಿನ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಇಷ್ಟು ದಿನ ಬೇರೆಯವರ ಪ್ರೋಗ್ರಾಮಿಗೆ ಕೊಂಕು ತೆಗೆದವನ ಮಾತನ್ನು ಇಡೀ ಮಾರುಕಟ್ಟೆಯ ಚಿತ್ರ ಕೇಳುತ್ತಿತ್ತು. ಮೂರನೆಯ ವಾರ ಬಂತು. ಶಿಷ್ಯರು ಬೇಕಾಯಿತು.

ದೂರ ಹುಡುಕಬೇಕಾಗಲಿಲ್ಲ. ವರ್ತೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನರು ಶ್ರೀಕಂಠಯ್ಯ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಪೊಲೀಸ್ ಇನ್‌ಸ್ಪೆಕ್ಟರಲ್ಲ, ತಯಾರಾಗಿ ಬಂದ ಪ್ರತಿಯೊಂದು ಬಿಡಿಭಾಗವನ್ನೂ ಅಳೆದು ‘ಪಾಸು’ ‘ರಿಜೆಕ್ಟು’ ಎಂದು ಬರೆಯುವವರು. ಈಗ ಅಳೆಯಲು ಬಿಡಿಭಾಗವಿಲ್ಲದೆ ಹೆಂಡತಿ ಲಲಿತಮ್ಮನವರ ಚಪಾತಿಯನ್ನು ಕಣ್ಣಳತೆಯಲ್ಲಿ ಅಳೆಯುತ್ತಾರೆ. ಎರಡನೆಯ ಶಿಷ್ಯ ಬಸವರಾಜ. ರಾಯಚೂರು ಕಡೆಯವನು, ಹಿಂದಿನ ಒಂಟಿ ಕೋಣೆಯಲ್ಲಿದ್ದಾನೆ, ಹತ್ತಿರದ ಫ್ಯಾಕ್ಟರಿಯಲ್ಲಿ ಗಿಯರ್ ಚಕ್ರದ ಹಲ್ಲು ಕೊರೆಯುವ ಯಂತ್ರದ ಮುಂದೆ ನಿಲ್ಲುತ್ತಾನೆ. ಭಾನುವಾರ ಬೆಳಿಗ್ಗೆ ಶ್ರೀಕಂಠಯ್ಯನವರ ಹಜಾರದಲ್ಲಿ ತರಗತಿ, ಗುರುದಕ್ಷಿಣೆ ಲಲಿತಮ್ಮನವರ ಕಾಫಿ. “ಏನಪ್ಪಾ ಮೇಷ್ಟ್ರೇ, ಇವರಿಗೆ ಮೊಬೈಲಲ್ಲಿ ಕರೆಂಟ್ ಬಿಲ್ ಕಟ್ಟೋದನ್ನ ಕಲಿಸೋಕೆ ನನಗೆ ಮೂರು ತಿಂಗಳು ಬೇಕಾಯ್ತು. ನಿನಗೆ ಒಳ್ಳೇದಾಗ್ಲಿ” ಎಂದು ಅವರು ಮೊದಲ ಲೋಟ ಕೈಗಿಟ್ಟರು.

ಮೊದಲ ದಿನವೇ ಮೊದಲನೆಯ ಸಾಲಿನಲ್ಲೇ ಕಂಪ್ಯೂಟರ್ ಮುನಿಸಿಕೊಂಡಿತು. ನಾನು ಹೇಳಿಕೊಟ್ಟದ್ದನ್ನು ಶ್ರೀಕಂಠಯ್ಯನವರು ಒಂದಕ್ಷರ ಬಿಡದೆ ಕುಟ್ಟಿದ್ದರು. ಆದರೂ ಒಂದನೆಯ ಸಾಲು ತಪ್ಪು ಎನ್ನುತ್ತಿದೆ ಪರದೆ. ಬಗ್ಗಿ ನೋಡಿದರೆ ಎಲ್ಲಕ್ಕಿಂತ ಮೇಲೆ, ನಟ್ಟನಡುವೆ, ‘ಶ್ರೀ’.

“ಸಾರ್, ಇದು ಯಾಕೆ?”

“ಯಾಕೆ ಅಂದ್ರೇನಯ್ಯ? ಮನೆ ಸಾಮಾನಿನ ಚೀಟಿಗೂ ಹಾಕ್ತೀವಿ. ಇದಕ್ಕೆ ಬೇಡ್ವಾ?”

ಮೊದಲು ಎರಡು ಓರೆಗೆರೆ ಎಳೆದು ಆಮೇಲೆ ಏನನ್ನು ಬರೆದರೂ ಕಂಪ್ಯೂಟರ್ ಅದನ್ನು ಓದದೆ ಮುಂದೆ ಹೋಗುತ್ತದೆ ಎಂದು ಹೇಳಿಕೊಟ್ಟೆ. ಅವರು ಗೆರೆ ಎಳೆದು ಶ್ರೀಕಾರವನ್ನು ಹಾಗೇ ಉಳಿಸಿಕೊಂಡರು. “ಓದಲ್ಲ ಅಂದ್ರ ಯಾಕ್ ಬರೀಬೇಕ್ರಿ ಸರ?” ಎಂದ ಬಸವರಾಜ. “ಅದು ಓದದೇ ಇದ್ರೆ ಬೇಡ, ಓದೋನು ಮೇಲಿದಾನೆ” ಎಂದರು ಶ್ರೀಕಂಠಯ್ಯ. ಪ್ರೋಗ್ರಾಮಿನಲ್ಲಿ ಟಿಪ್ಪಣಿ ಯಾಕೆ ಬರೆಯಬೇಕೆಂದು ನಮ್ಮ ಆಫೀಸಿನಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಇದರಲ್ಲಿ ನನಗೆ ಸಿಕ್ಕ ಖುಷಿಯನ್ನು ಹೇಗೆ ಹೇಳಲಿ? ಓಡುವ ಸರಾಸರಿ ಎಂದರೆ ಏನೆಂದು ವಿವರಿಸಲು ಹತ್ತು ಸೀಟಿನ ಬಸ್ಸನ್ನು ತಂದೆ. ಮುಂದಿನ ಬಾಗಿಲಲ್ಲಿ ಇವತ್ತಿನ ಬೆಲೆ ಹತ್ತುತ್ತದೆ, ಹಿಂದಿನ ಬಾಗಿಲಲ್ಲಿ ಹತ್ತು ದಿನ ಹಳೆಯ ಬೆಲೆ ಇಳಿಯುತ್ತದೆ, ಒಳಗೆ ಕೂತಿರುವವರ ಸರಾಸರಿ ತೆಗೆಯಿರಿ ಎಂದೆ. ಕಂಡಕ್ಟರನ ದನಿಯಲ್ಲಿ “ಒಳಗ್ ಹೋಗ್ರೀ, ಒಳಗ್ ಹೋಗ್ರೀ” ಎಂದೂ ಕೂಗಿದೆ. ಬಸವರಾಜ ತಣ್ಣಗೆ, “ಐದೈದು ಪೀಸ್ ಅಳದು ಸರಾಸರಿ ತಗದು ಬೋರ್ಡಿಗೆ ಹಾಕ್ತೀವಲ್ರಿ ಫ್ಯಾಕ್ಟರ್‍ಯಾಗ, ಹಂಗಾ ಅಲ್ಲೇನ್ರಿ? ಇಷ್ಟಕ್ಕ ಬಸ್ ಯಾಕ್ರಿ ಸರ” ಎಂದ. ಶ್ರೀಕಂಠಯ್ಯನವರು ಪ್ರತಿಯೊಂದು ಸಾಲನ್ನೂ ಮೊದಲು ಉದ್ದನೆಯ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದು, ತಾರೀಖು ಹಾಕಿ, ಸಹಿ ಮಾಡಿ, ನನ್ನಿಂದಲೂ ಸಹಿ ಹಾಕಿಸಿಕೊಂಡ ಮೇಲೆಯೇ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ, ಕೆಳತುಟಿ ಮುಂದೆ ಮಾಡಿ, “ಟಾಲರೆನ್ಸ್ ಎಷ್ಟಯ್ಯ ಇದಕ್ಕೆ? ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ?” ಎಂದು ಕೇಳುವುದನ್ನು ಅವರಿಲ್ಲದಾಗ ನಾನು ಮಾಡಿ ತೋರಿಸಿದರೆ ಬಸವರಾಜ ಗೋಡೆ ಹಿಡಿದುಕೊಂಡು ನಗುತ್ತಿದ್ದ.

ಐದನೆಯ ವಾರ ನನ್ನ ಮಹಾಕೃತಿ ಸಿದ್ಧವಾಯಿತು. ಬೆಲೆ ಬಿದ್ದು ಬಿದ್ದು ತಳ ಮುಟ್ಟಿದ ದಿನಕ್ಕೆ ಸರಿಯಾಗಿ ‘ಕೊಳ್ಳು’ ಎನ್ನುವ ಒಂದು ಹಸಿರು ಬಾಣ, ಏರಿ ಏರಿ ತುದಿ ಮುಟ್ಟಿದ ದಿನಕ್ಕೆ ಸರಿಯಾಗಿ ‘ಮಾರು’ ಎನ್ನುವ ಒಂದು ಕೆಂಪು ಬಾಣ. ಹಿಂದಿನ ಇಡೀ ವರ್ಷದ ಚಾರ್ಟು ತೆರೆದು ತೋರಿಸಿದೆ. ಒಂದೇ ಒಂದು ಕಣಿವೆ ತಪ್ಪಿಲ್ಲ, ಒಂದೇ ಒಂದು ಶಿಖರ ಬಿಟ್ಟುಹೋಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ತಲೆಗಳಿಗೆ ಹೊಳೆಯದ್ದು ವರ್ತೂರಿನ ಒಂದು ಹಜಾರದಲ್ಲಿ, ಎರಡನೇ ಲೋಟ ಕಾಫಿಗೆ ಹೊಳೆದುಬಿಟ್ಟಿದೆ. ಬಸವರಾಜ ಪರದೆಯ ಹತ್ತಿರಕ್ಕೆ ಮುಖ ತಂದು ಒಂದೊಂದು ಬಾಣವನ್ನೂ ಬೆರಳಿನಲ್ಲಿ ಮುಟ್ಟಿದ. ಶ್ರೀಕಂಠಯ್ಯನವರು ಮಾತ್ರ, “ಒಂದು ವಾರ ಟೈಮ್ ಕೊಡಯ್ಯ” ಎಂದು ರಿಜಿಸ್ಟರ್ ಮುಚ್ಚಿದರು.

ಆ ಶನಿವಾರ ಸಂಜೆ ಬಸವರಾಜ ಮಹಡಿಯ ಮೇಲಿನ ನನ್ನ ಕೋಣೆಗೆ ಹತ್ತಿ ಬಂದ. “ಸರ, ಒಂದು ಅರ್ಜಿ ಬರದ್ ಕೊಡ್ರಿ, ಇಂಗ್ಲಿಷ್‌ನ್ಯಾಗ. ಸೋಮವಾರ ಕೆಲ್ಸಾ ಬಿಡ್ತೀನ್ರಿ.”

“ಬಿಟ್ಟು?”

“ಬಾಣ ನೋಡ್ಕೋತ ಕುಂಡ್ರತೀನ್ರಿ. ಆರು ವರ್ಷ ಆತು, ಯಂತ್ರದ ಮುಂದ ನಿಂತು ನಿಂತು ಕಾಲು ಯಂತ್ರದ್ದೋ ನಂದೋ ಗೊತ್ತಾಗವಲ್ದು. ಈ ತಿಂಗಳು ಪರ್ಮನೆಂಟ್ ಮಾಡ್ತೀವಿ ಅಂದಾರ. ಆದ್ರ ನಿಮ್ಮ ಬಾಣ ನೋಡಿದ ಮ್ಯಾಲ ಅದ್ಯಾಕ್ ಬೇಕ್ರಿ?”

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ನಾನು ಯೋಚಿಸಿದ್ದು, ನನ್ನ ಪಾಠ ಒಬ್ಬ ಮನುಷ್ಯನ ಬದುಕನ್ನೇ ಬದಲಿಸುತ್ತಿದೆಯಲ್ಲ ಎಂದು. ಎದೆ ಉಬ್ಬಿತು. ಎರಡೇ ನಿಮಿಷದಲ್ಲಿ ಘನವಾದ ಇಂಗ್ಲಿಷಿನಲ್ಲಿ ರಾಜೀನಾಮೆ ಪತ್ರ ಸಿದ್ಧ ಮಾಡಿ ಕೊಟ್ಟೆ. “ಇಷ್ಟು ಲಗೂ ಬರದ್ರಲ್ರಿ” ಎಂದು ಅವನು ಬೆರಗಾಗಿ, ಪತ್ರವನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ.

ಮರುದಿನ ಹಜಾರಕ್ಕೆ ಹೋದಾಗ ಶ್ರೀಕಂಠಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಜಿಸ್ಟರನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಕಾರ್ಖಾನೆಯಲ್ಲಿ ಹನ್ನೊಂದು ಗಂಟೆಯ ಟೀಗೆ ಮುಂಚೆ ಯಂತ್ರದ ರೀಡಿಂಗ್ ಬರೆದುಕೊಳ್ಳುವುದು ಅವರ ಪದ್ಧತಿಯಂತೆ. ನಿವೃತ್ತಿಯಾದ ಮೇಲೂ ಹನ್ನೊಂದಾದರೆ ಕೈ ಪೆನ್ಸಿಲ್ ಹುಡುಕುತ್ತದಂತೆ. ಹಾಗಾಗಿ ಆ ವಾರ ದಿನಾ ಹನ್ನೊಂದಕ್ಕೆ ನನ್ನ ಚಾರ್ಟು ತೆರೆದು, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದರು.

“ಮಂಗಳವಾರ ಹನ್ನೊಂದು ಗಂಟೆ, ಮಂಗಳವಾರದ ಬತ್ತಿ ಕೆಳಗೆ ಹಸಿರು ಬಾಣ ಒಂದು” ಎಂದು ಓದಿದರು. “ಸರಿನಾ?”

“ಸರಿ ಸಾರ್.”

“ಬುಧವಾರ ಬೆಲೆ ಇನ್ನೂ ಬಿತ್ತು. ಹನ್ನೊಂದು ಗಂಟೆ, ಬುಧವಾರದ ಬತ್ತಿ ಕೆಳಗೆ ಹಸಿರು ಬಾಣ ಒಂದು. ಮಂಗಳವಾರದ್ದು ಇಲ್ಲ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಗುರುವಾರ ಮತ್ತೂ ಬಿತ್ತು. ಗುರುವಾರದ ಕೆಳಗೆ ಬಾಣ, ಬುಧವಾರದ್ದು ಇಲ್ಲ. ಶುಕ್ರವಾರ ಬೆಲೆ ಏರ್ತು, ಬಾಣ ಗುರುವಾರದಲ್ಲೇ ಉಳೀತು.” ಅವರು ಕನ್ನಡಕವನ್ನು ಹಣೆಗೇರಿಸಿದರು. “ಇವತ್ತು ನೋಡಿದೋರಿಗೆ ಒಂದೇ ಬಾಣ, ಸರಿಯಾಗಿ ತಳದಲ್ಲಿ. ನನ್ನ ರಿಜಿಸ್ಟರಲ್ಲಿ ಮೂರಿದೆ. ಎರಡು ಎಲ್ಲಿಗೆ ಹೋದ್ವಯ್ಯ?”

ಲ್ಯಾಪ್‌ಟಾಪ್ ತೆರೆದು ನನ್ನದೇ ಪ್ರೋಗ್ರಾಮನ್ನು ಮೊದಲ ಸಲ, ಬೇರೆ ಯಾರೋ ಬರೆದದ್ದು ಎಂಬ ಹಾಗೆ ಓದಿದೆ. ಓದಲು ಒಂದು ನಿಮಿಷ ಬೇಕಾಯಿತು, ಕಿವಿ ಬಿಸಿಯಾಗಲು ಅಷ್ಟೂ ಬೇಕಾಗಲಿಲ್ಲ. ನಾನು ಬರೆದಿದ್ದ ಅಪ್ಪಣೆ ಏನೆಂದರೆ, ಈ ಇಳಿತದಲ್ಲಿ ಎಲ್ಲಕ್ಕಿಂತ ಕೆಳಗಿರುವ ಬತ್ತಿಗೆ ಬಾಣ ಹಾಕು. ಅದಕ್ಕಿಂತ ಕೆಳಗಿನದು ಸಿಕ್ಕರೆ ಹಳೆಯದನ್ನು ಅಳಿಸಿ ಇದಕ್ಕೆ ಹಾಕು. ಬಾಣ ದಿನಾ ಬೆಳಿಗ್ಗೆ ಹಾಸಿಗೆ ಸುತ್ತಿಕೊಂಡು ಮುಂದಿನ ಮನೆಗೆ ಹೋಗಿ, ತಾನು ಹುಟ್ಟಿದ್ದೇ ಅಲ್ಲಿ ಎನ್ನುತ್ತಿತ್ತು. ಕ್ರಿಕೆಟ್ ಮ್ಯಾಚ್ ಮುಗಿದ ಮೇಲೆ “ನಾನ್ ಆಗ್ಲೇ ಹೇಳಿರ್ಲಿಲ್ವಾ” ಎನ್ನುವ ಒಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ನಾನು ಐದು ವಾರ ಕಷ್ಟಪಟ್ಟು ಅವನನ್ನೇ ಕಂಪ್ಯೂಟರಿನಲ್ಲಿ ತಯಾರಿಸಿದ್ದೆ.

“ಪೀಸು ಕೆಟ್ಟಿದ್ರೆ ರಿಜೆಕ್ಟ್ ಮಾಡ್ತಿದ್ವಿ” ಎಂದರು ಶ್ರೀಕಂಠಯ್ಯ. “ಇಲ್ಲಿ ರಿಪೋರ್ಟೇ ರಾತ್ರೋರಾತ್ರಿ ತಿದ್ಕೋತಾ ಇದೆ. ನಮ್ಮಲ್ಲಾಗಿದ್ರೆ ಇದಕ್ಕೆ ಮೆಮೊ ಕೊಡ್ತಿದ್ರು.” ಒಳಗಿನಿಂದ ಲಲಿತಮ್ಮ, “ಅವನಿಗೂ ಒಂದು ಕೊಡಿ. ಅಲ್ಲ ಕಣಪ್ಪಾ, ಆಫೀಸಲ್ಲಿ ನಿನ್ನ ಕೆಲಸ ತಪ್ಪು ಹುಡುಕೋದು ಅಂತಿದ್ಯಲ್ಲ?” ಎಂದರು. ಯಾವ ದನಿಯನ್ನು ಅಣಕಿಸಿ ತಪ್ಪಿಸಿಕೊಳ್ಳಲಿ ಎಂದು ಹುಡುಕಿದೆ. ಗಂಟಲಲ್ಲಿ ಬಾಡಿಗೆಗಿದ್ದವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದ್ದರು.

ತಪ್ಪನ್ನು ಸರಿಮಾಡಿದವನು ಬಸವರಾಜ. “ಹಾಕಿದ ಬಾಣ ಅಳಸಬಾರ್ದು ಅಂತ ಬರೀರಿ ಸರ. ತಳಾ ಅದಾ ಅಂತ ಗ್ಯಾರಂಟಿ ಆಗೂತನಾ ಹಾಕಬಾರ್ದು ಅಂತ ಬರೀರಿ.” ಬರೆದೆವು. ಅಳಿಸುವ ಸಾಲು ತೆಗೆದು, ಕಾಯುವ ಸಾಲು ಸೇರಿಸಿದ್ದು ಅವನದೇ ಬೆರಳು. ಬಾಣ ಈಗ ಪ್ರಾಮಾಣಿಕವಾಯಿತು, ಮತ್ತು ಬಸ್ಸು ತಿರುವು ದಾಟಿದ ಮೇಲೆ ಬೋರ್ಡು ಓದುವವನಂತಾಯಿತು. ಬೆಲೆ ಅರ್ಧ ಏರಿದ ಮೇಲೆ ‘ಏರುತ್ತದೆ’ ಎನ್ನುತ್ತದೆ, ಕೆಲವು ಸಲ ಅದೂ ಸುಳ್ಳು. ಆದರೆ ಬಸವರಾಜನನ್ನು ನೋಡಬೇಕಿತ್ತು. ಪ್ರೋಗ್ರಾಮು ಅವನ ಮಾತು ಕೇಳಿತ್ತು. ಎದ್ದು ಹಜಾರದಲ್ಲಿ ಎರಡು ಸುತ್ತು ಹಾಕಿದ. ನನಗೂ ಎದ್ದು ಅವನ ಜೊತೆ ಸುತ್ತು ಹಾಕಬೇಕೆನಿಸಿತು. ಕಲಿಸಿದ್ದು ಕಲಿತವನ ಕೈಯಲ್ಲಿ ಓಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವನು ಕೂತ. ಕಾಫಿ ಕುಡಿದ. “ಪರ್ಮನೆಂಟ್ ಆಗ್ಲಿ ಬಿಡ್ರಿ ಸರ. ಮೆಷಿನ್ ಪ್ರೋಗ್ರಾಮಿಂಗ್ ಸೆಕ್ಷನ್‌ಗೆ ಹಾಕ್ರಿ ಅಂತ ಕೇಳ್ತೀನಿ. ಅಲ್ಲಿ ಕುರ್ಚಿ ಕೊಡ್ತಾರ” ಎಂದ. ಜೇಬಿನಿಂದ ನಾಲ್ಕು ಮಡಿಕೆಯ ಪತ್ರ ತೆಗೆದು ನನ್ನ ಮುಂದಿಟ್ಟ.

“ಇದನ್ನ ನೀವಾ ಇಟ್ಕೊಳ್ರಿ. ಇಂಗ್ಲಿಷ್ ಭಾಳ ಚಂದ ಅದ, ಹಾಳ್ ಮಾಡಬ್ಯಾಡ್ರಿ. ಹೆಸರೊಂದು ಬದಲ್ ಮಾಡಿದ್ರ ನಿಮಗಾ ಆಗ್ತದ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಶನಿವಾರ ಎರಡೇ ನಿಮಿಷದಲ್ಲಿ ನಾನು ಆ ಪತ್ರಕ್ಕೆ ಮಾಡಿದ್ದೂ ಅಷ್ಟೇ, ಹೆಸರು ಬದಲಿಸಿದ್ದು. ಬಾಣವನ್ನು ನಂಬಿ ಅವನಿಗಿಂತ ಮೊದಲೇ ಬರೆದುಕೊಂಡಿದ್ದ ನನ್ನ ಹೆಸರಿನ ಮೂಲ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಾನಾಗಿ ಮ್ಯಾನೇಜರಿಗೆ ಹೋಗುವಂತೆ ಮಹಡಿಯ ಮೇಲಿನ ಆಫೀಸು ಕಂಪ್ಯೂಟರಿನಲ್ಲಿ ಸಮಯ ಹೊಂದಿಸಿಕೊಂಡು ಕೂತಿತ್ತು. “ಎಲ್ಲಿಗೋ, ಕಾಫಿ ಆರ್ತಾ ಇದೆ” ಎಂದು ಲಲಿತಮ್ಮ ಕೂಗಿದ್ದು ಕೇಳಿಸಿತು. ಅಷ್ಟರಲ್ಲಿ ನಾನು ಎರಡೆರಡು ಮೆಟ್ಟಿಲು ಹಾರಿ ಅರ್ಧ ಮಹಡಿ ಹತ್ತಿಯಾಗಿತ್ತು.